ಮಣಿಕಟ್ಟಿಗೆ ಕಟ್ಟಿದ ಪರದೆ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ದಾವಣಗೆರೆಯ ಒಂದು ದಲಾಲಿ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದೆ. ನನ್ನ ಅಕ್ಕನ ಗಂಡ, ನಮ್ಮ ಭಾವ, ಅದೇ ಮಂಡಿಯ ಹಮಾಲರ ಗುಂಪಿನಲ್ಲಿದ್ದರು. ಅವರು ಆವರಗೆರೆಯವರು. ಮದುವೆಯಾದ ಮೇಲೆ ನಿಟ್ಟುವಳ್ಳಿಗೆ ಬಂದು, ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ಬಾಡಿಗೆಗೆ ಇದ್ದರು. ಅವರ ಬಲಗೈಗೆ ಏನಾಯಿತು ಎಂಬುದನ್ನು ನಾನು ಹತ್ತಿರದಿಂದ ನೋಡಿದೆ. ನೋಡಿದವರು ಬೇರೆಯವರೂ ಇದ್ದರು, ಆದರೆ ಅವರೆಲ್ಲ ಗುಡ್ಡದ ಮೇಲೆ ನಿಂತಿದ್ದರು. ನಾನು ಕೆಳಗಿದ್ದೆ. ಅವರು ಹೇಳುವ ಕಥೆ ಬೇರೆಯಾಗಲು ಇದೇ ಕಾರಣ. ಆದ್ದರಿಂದ ಆದ ಹಾಗೆ, ಆದ ಕ್ರಮದಲ್ಲಿ ಬರೆಯುತ್ತೇನೆ.

ಹಮಾಲರ ಗುಂಪಿನಲ್ಲಿ ಸುಮ್ಮನೆ ಜಾಗ ಸಿಗುವುದಿಲ್ಲ. ಒಬ್ಬ ಬಿಟ್ಟರೆ ಇನ್ನೊಬ್ಬನಿಗೆ. ಕ್ವಿಂಟಲ್ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಲಾರಿಯ ಹಲಗೆ ಹತ್ತುವವನಿಗೆ ಜಾಗ ಉಂಟು, ಹತ್ತಲಾರದವನಿಗೆ ಇಲ್ಲ. ಭಾವ ಮೂರು ಸುಗ್ಗಿ ಕಾದು ಒಳಗೆ ಸೇರಿದವರು. ಅಕ್ಕನ ಸಂಸಾರ ನಿಂತಿದ್ದದ್ದು ಆ ಜಾಗದ ಮೇಲೆ, ಅಂದರೆ ಅವರ ಎರಡು ಕೈಗಳ ಮೇಲೆ. ಇದು ಅವರಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ಗುಂಪಿಗೆ ಒಬ್ಬ ಮೇಸ್ತ್ರಿ ಇದ್ದರು. ವಯಸ್ಸಾಗಿತ್ತು, ಆದರೆ ಕತ್ತು ಇನ್ನೂ ಎತ್ತಿನ ಕತ್ತಿನ ಹಾಗಿತ್ತು. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಅವರು ಪ್ರತಿಯೊಬ್ಬನ ಬಲ ಮಣಿಕಟ್ಟಿಗೆ ಚೀಲ ಎಳೆಯುವ ಕೊಕ್ಕೆಯನ್ನು ನವಾರು ಪಟ್ಟಿಯಿಂದ ತಾವೇ ಕಟ್ಟುತ್ತಿದ್ದರು. ಹಿಡಿ ಜಾರಿದರೂ ಕೊಕ್ಕೆ ಕೈಯಲ್ಲೇ ತೂಗಬೇಕು, ಕೆಳಗೆ ಬೀಳಬಾರದು. ಹಿಂದೊಮ್ಮೆ ಒಂದರ ಮೇಲೊಂದು ಪೇರಿಸಿದ ಚೀಲಗಳ ನಿಟ್ಟಿನ ತುದಿಯಿಂದ ಒಂದು ಕೊಕ್ಕೆ ಜಾರಿ, ಕೆಳಗೆ ನಿಂತಿದ್ದ ಅವರ ಸ್ವಂತ ತಮ್ಮನ ಕತ್ತಿನೊಳಗೆ ಇಳಿದಿತ್ತಂತೆ. ಆತ ಅದನ್ನು ತಾನೇ ಕಿತ್ತುಕೊಂಡ. ಕಿತ್ತಿದ್ದರಿಂದಲೇ ಸತ್ತ ಎಂದು ಹಳಬರು ಹೇಳುತ್ತಿದ್ದರು. ಅವತ್ತಿನಿಂದ ಕಟ್ಟದ ಕೊಕ್ಕೆಯೊಂದಿಗೆ ಯಾರಾದರೂ ನಿಟ್ಟು ಹತ್ತಿದರೆ ಮೇಸ್ತ್ರಿ ಕೆಳಗಿಳಿಸಿ ಕೆನ್ನೆಗೆ ಹೊಡೆಯುತ್ತಿದ್ದರು. ಒಬ್ಬನ ಕಿವಿಯಿಂದ ರಕ್ತ ಬಂದದ್ದನ್ನು ನಾನು ನೋಡಿದ್ದೇನೆ.  ಹೊಡೆಸಿಕೊಂಡವನು ಕಿವಿ ಒರೆಸಿಕೊಂಡು ಬಂದು ಕೈ ಚಾಚಿದ. ಮೇಸ್ತ್ರಿ ಕಟ್ಟಿದರು.

ಗೋದಾಮಿನ ಸಿಮೆಂಟ್ ನೆಲದ ಮೇಲೆ ಚೀಲ ಸಾಗಿಸಲು ಒಂದು ಗಟ್ಟಿ ಹಲಗೆ ಇತ್ತು, ನಾಲ್ಕು ಮೂಲೆಗೆ ಲಾರಿಯ ಹಳೆಯ ಬೇರಿಂಗ್ ಹಾಕಿದ್ದು. ಕೆಲಸವಿಲ್ಲದ ಹೊತ್ತಿನಲ್ಲಿ ಹುಡುಗಾಟಕ್ಕೆ ಅದರ ಮೇಲೆ ನಿಂತು ಗೋದಾಮಿನ ಇಳಿಜಾರಿನಲ್ಲಿ ಜಾರುತ್ತಿದ್ದರು. ಅಲ್ಲಿಂದ ಶುರುವಾದದ್ದು ಗುಡ್ಡಕ್ಕೆ ಹೋಯಿತು. ದಾವಣಗೆರೆ ಬಿಟ್ಟು ಹರಿಹರದ ಕಡೆ ಹೋದರೆ, ಬಾತಿ ಕೆರೆ ದಾಟಿದ ಮೇಲೆ, ಒಂದು ಬೋಳುಗುಡ್ಡದ ನೆತ್ತಿಯ ನೀರಿನ ಟ್ಯಾಂಕಿಗೆಂದು ಹಾಕಿದ ಡಾಂಬರು ರಸ್ತೆ ಇತ್ತು. ಮೇಲಿನಿಂದ ನೆಟ್ಟಗೆ ಇಳಿದು, ನಡುವೆ ಎಡಕ್ಕೆ ತಿರುಗಿ, ಮತ್ತೆ ನೆಟ್ಟಗೆ ಇಳಿಯುವ ರಸ್ತೆ. ರಜೆಯ ದಿನ ಐದಾರು ಜನ ಹಲಗೆ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಡಾಂಬರಿನ ಮೇಲೆ ಉಕ್ಕಿನ ಬೇರಿಂಗ್ ಉರುಳುವ ಸದ್ದು ಕಲ್ಲು ಅರೆಯುವ ಸದ್ದಿನಂತೆ. ಹಲ್ಲು ನಡುಗುತ್ತದೆ, ಅಂಗಾಲು ಮರಗಟ್ಟುತ್ತದೆ. ಹಲಗೆಗೆ ಬ್ರೇಕ್ ಇಲ್ಲ. ಹಿಂಗಾಲನ್ನು ಇಳಿಸಿ, ಟೈರಿನ ಚಪ್ಪಲಿಯನ್ನು ರಸ್ತೆಗೆ ಉಜ್ಜಿ ನಿಧಾನ ಮಾಡಬೇಕು. ಗುಂಪಿನ ಒಬ್ಬ ತಿರುವಿನಲ್ಲಿ ಹಾಗೆ ಉಜ್ಜಲು ಹೋಗಿ ಮುಖಾಡೆ ಬಿದ್ದ. ಅವನ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಅವನನ್ನು ಎತ್ತಿ ಕೂರಿಸಿದಾಗ ಅವನು ಏನೋ ಹೇಳಲು ಬಾಯಿ ತೆರೆದ, ಮಾತಿನ ಬದಲು ಹಲ್ಲು ಬಂದವು.

ಅದನ್ನು ನೋಡಿದ ಮೇಲೆ ಭಾವ ಪರದೆ ಮಾಡಿದರು. ಪುಸ್ತಕದಲ್ಲಾದರೆ ಹಾಯಿ ಎನ್ನಬೇಕು. ನಾವು ಪರದೆ ಎನ್ನುತ್ತಿದ್ದೆವು.

ಲಾರಿಯ ಮೇಲೆ ಕೂತು ತಾಡಪಾಲು ಬಿಗಿಯುವಾಗ ಗಾಳಿ ಅದನ್ನು ಹೇಗೆ ಕಸಿಯುತ್ತದೆ ಎಂಬುದು ಹಮಾಲರಿಗೆ ಚೆನ್ನಾಗಿ ಗೊತ್ತು. ಹಳೆಯ ತಾಡಪಾಲಿನಿಂದ ಒಂದಾಳುದ್ದದ ತುಂಡು ಕತ್ತರಿಸಿ, ಅಂಚು ಮಡಚಿ, ದಬ್ಬಣದಲ್ಲಿ ಸುತಳಿ ಹಾಕಿ ಭಾವ ತಾವೇ ಹೊಲಿದರು. ಎರಡು ಪಕ್ಕಕ್ಕೆ ಎರಡು ಬಿದಿರು ಕೋಲು ತೂರಿಸಿದರು. ಒಂದೊಂದು ಕೈಯಲ್ಲಿ ಒಂದೊಂದು ಕೋಲು, ಬಟ್ಟೆ ಬೆನ್ನ ಹಿಂದೆ. ಕೈಗಳನ್ನು ಮುಂದೆ ತಂದು ಕೋಲುಗಳನ್ನು ಜೋಡಿಸಿದರೆ ಬಟ್ಟೆ ಮಡಚಿ ಗಾಳಿ ಬಿಡುತ್ತದೆ, ಹಲಗೆ ಓಡುತ್ತದೆ. ಕೈಗಳನ್ನು ಅಗಲಿಸಿದರೆ ಬಟ್ಟೆ ಉಬ್ಬಿ ಹಿಂದಕ್ಕೆ ಜಗ್ಗುತ್ತದೆ, ಹಲಗೆಯ ವೇಗ ಕಾಲಕೆಳಗೇ ಸಾಯುತ್ತದೆ. ಅರ್ಧ ತೆರೆದರೆ ಅರ್ಧ ವೇಗ. ಒಂದು ಕೈ ಮಾತ್ರ ತೆರೆದರೆ ಮೈ ಆ ಕಡೆ ತಿರುಗುತ್ತದೆ, ತಿರುವಿನಲ್ಲಿ ಅದೇ ಬೇಕಾದದ್ದು. ನೆಟ್ಟಗಿನ ಇಳಿಜಾರಿನಲ್ಲಿ ಭಾವ ಕಲ್ಲಿನ ಹಾಗೆ ಬಂದು, ತಿರುವಿನ ಮುಂಚೆ ಎರಡೂ ಕೈ ತೆರೆದು, ಸಂತೆಗೆ ಹೋಗುವವರ ಹಾಗೆ ಸಾವಕಾಶವಾಗಿ ತಿರುಗುತ್ತಿದ್ದರು. ಅಕ್ಕ ಆ ಆಟ ಬೇಡವೆಂದು ಜಗಳ ಮಾಡಿದ್ದಳು. ಅದಕ್ಕೆ ಭಾವ ಹೇಳಿದ್ದು, ಈ ಪರದೆ ಓಡಲಿಕ್ಕೆ ಮಾಡಿದ್ದಲ್ಲ, ನಿಲ್ಲಲಿಕ್ಕೆ ಮಾಡಿದ್ದು ಎಂದು. ಅದು ನಿಜವೂ ಆಗಿತ್ತು. ಗುಂಪಿನಲ್ಲಿ ಅವರಷ್ಟು ಮೈ ಕಾಯ್ದುಕೊಳ್ಳುವವರು ಇನ್ನೊಬ್ಬರಿರಲಿಲ್ಲ.

ಅದೇ ರಸ್ತೆಗೆ ಹರಿಹರದಿಂದಲೂ ಒಂದು ತಂಡ ಬರುತ್ತಿತ್ತು. ಸಣ್ಣ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುವ ಫಿಟ್ಟರುಗಳು, ಟರ್ನರುಗಳು. ಅವರ ಹಲಗೆ ಬೇರೆ, ಲೇತಿನಲ್ಲಿ ಕಡೆದ ನೈಲಾನ್ ಚಕ್ರ, ಸದ್ದೇ ಇಲ್ಲ. ನಮ್ಮವರಿಗೆ ಅದೊಂದು ಉರಿ. ಭಾವನ ಪರದೆ ಕಂಡು ಅವರು ನಕ್ಕರು. ಅವರಲ್ಲೊಬ್ಬ, "ಏನ್ರೀ, ಸೆರಗು ಹೊದ್ಕೊಂಡು ಬಂದೀರಲ್ಲ, ಯಾರ ಮನಿಗೆ ಹೊಂಟ್ರಿ?" ಎಂದ. ಭಾವ ನಕ್ಕು ಸುಮ್ಮನಾದರು. ಗುಂಪಿನವರು ಸುಮ್ಮನಾಗಲಿಲ್ಲ. ಆ ಮಧ್ಯಾಹ್ನ ಟ್ಯಾಂಕಿನ ಬುಡದಲ್ಲಿ ಹೊಡೆದಾಟವಾಯಿತು. ಹಲಗೆಯನ್ನು ನಿಲುವಾಗಿ ಹಿಡಿದು ಬೇರಿಂಗಿನ ಕಡೆಯಿಂದ ಹೊಡೆದರೆ ತಲೆಬುರುಡೆಯ ಚರ್ಮ ಹೇಗೆ ಮಡಚಿಕೊಳ್ಳುತ್ತದೆ ಎಂಬುದನ್ನು ಅವತ್ತು ನೋಡಿದೆ. ಹೊಡೆಸಿಕೊಂಡವನು ಹರಿಹರದವನು. ಅವನು ತಲೆಗೆ ಟವೆಲ್ ಕಟ್ಟಿಕೊಂಡು ಕೂತಲ್ಲೇ ಬೈಯುತ್ತಿದ್ದ, ಟವೆಲ್ ತೊಯ್ದು ಹುಬ್ಬಿನ ಮೇಲೆ ಹನಿಯುತ್ತಿತ್ತು. ಮುಂದಿನ ಸಲ ನಮ್ಮವನೊಬ್ಬನ ಮೊಣಕಾಲು ಅವರ ಕೈಯಲ್ಲಿ ಮುರಿಯಿತು. ಆದರೂ ಯಾರೂ ಬರುವುದು ಬಿಡಲಿಲ್ಲ.

ಅವರಲ್ಲಿ ಒಬ್ಬ ಟರ್ನರ್ ಹುಡುಗಾಟದವನಲ್ಲ. ನನ್ನ ವಯಸ್ಸಿನವನು, ತೆಳ್ಳಗಿದ್ದ, ಹೊಡೆದಾಟವಾದರೆ ದೂರ ಹೋಗಿ ಕೂರುತ್ತಿದ್ದ. ಅವನಿಗೆ ಪರದೆಯ ಮೇಲೆ ಕಣ್ಣು. ಒಂದು ದಿನ ಭಾವನ ಹತ್ತಿರ ಬಂದು, ಮುಟ್ಟಲೇ ಎಂದು ಕೇಳಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ನಡುವೆ ಅಂಗೈಯಗಲ ತೂತು ಮಾಡಿದರೆ ಗಾಳಿ ಒಂದೇ ಸಮ ಹಾಯುತ್ತದೆ, ಪರದೆ ಅತ್ತಿತ್ತ ಒದೆಯುವುದಿಲ್ಲ ಎಂದ. ಭಾವ ಮಾಡಿ ನೋಡಿದರು. ಅವನು ಹೇಳಿದ್ದು ಸರಿಯಿತ್ತು. ಆಮೇಲೆ ಅವರಿಬ್ಬರೂ ಇಳಿಯುವ ಮುಂಚೆ ಒಂದೇ ಬೀಡಿಕಟ್ಟಿನಿಂದ ಬೀಡಿ ಸೇದುವಷ್ಟು ಆದರು.

ಆಷಾಢ ಬಂತು, ಗಾಳಿ ಬಲವಾಯಿತು. ಒಂದೆರಡು ಸಲ ಕೋಲು ಭಾವನ ಬೆವರುಗೈಯಿಂದ ಜಾರಿ, ಪರದೆ ಹೊಲಗಳ ಮೇಲೆ ಹಾರಿಹೋಯಿತು. ಪರದೆಯಿಲ್ಲದ ಹಲಗೆಯ ಮೇಲೆ ಅವರು ಹೇಗೋ ಬದುಕಿ ಕೆಳಗೆ ಬಂದರು. ಇದನ್ನು ಕೇಳಿದ ಮೇಸ್ತ್ರಿ ಮುಂದಿನ ರಜೆಗೆ ತಾವೇ ಗುಡ್ಡಕ್ಕೆ ಬಂದರು. ಅವರು ಬಂದದ್ದು ಅದೇ ಮೊದಲು. ಕೊಕ್ಕೆಗೆ ಕಟ್ಟುವ ಅದೇ ನವಾರು ಪಟ್ಟಿ ತಂದಿದ್ದರು, ಹೊಡೆದಾಟವಾದರೆ ಇರಲಿ ಎಂದು ಒಂದು ಸಲಾಕಿಯನ್ನೂ. ಭಾವನ ಎರಡೂ ಮಣಿಕಟ್ಟನ್ನು ಕೋಲುಗಳಿಗೆ ಕಟ್ಟಲು ಶುರುಮಾಡಿದರು. ಕೈ ಜಾರಿದರೂ ಕೋಲು ಹೋಗಬಾರದು.

ಟರ್ನರ್ ಪಕ್ಕದಲ್ಲೇ ನಿಂತಿದ್ದ. ಸ್ವಲ್ಪ ಹೊತ್ತು ನೋಡಿ ಹೇಳಿದ:

"ಅಣ್ಣಾ, ಕಟ್ಟಿಸ್ಕೋಬ್ಯಾಡ್ರಿ. ಲೇತ್ ಮುಂದೆ ನಾವು ಉಂಗುರ ಹಾಕಲ್ಲ, ವಾಚ್ ಕಟ್ಟಲ್ಲ. ಎಳಿಯೋ ವಸ್ತು ಯಾವ್ದೇ ಇರ್ಲಿ, ಕೈ ಬಿಟ್ರೆ ಬಿಡಂಗಿರ್ಬೇಕು."

ಮೇಸ್ತ್ರಿ ಗಂಟು ಹಾಕುತ್ತಲೇ, ತಲೆ ಎತ್ತದೆ ಹೇಳಿದರು:

"ನಿನ್ನ ಕೈಯಿಂದ ಬಿದ್ರೆ ನಿನ್ನ ಕಾಲ್ಮೇಲೆ ಬೀಳ್ತೈತೆ. ನಮ್ಮ ಕೈಯಿಂದ ಬಿದ್ರೆ ಇನ್ನೊಬ್ಬನ ತಲಿ ಮ್ಯಾಲೆ. ನಮ್ಮಲ್ಲಿ ಬಿಡೋದು ಇಲ್ಲಪ್ಪ, ಹಿಡಿಯೋದೇ."

ಭಾವ ಇಬ್ಬರನ್ನೂ ನೋಡಿದರು. ಮೇಸ್ತ್ರಿ ಕಟ್ಟುವಾಗ ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಅವರ ಅಭ್ಯಾಸದಲ್ಲಿ ಇರಲಿಲ್ಲ. ತೆಗೆದುಕೊಳ್ಳಲಿಲ್ಲ. ಟರ್ನರ್ ತಾನು ಮೊದಲು ಇಳಿಯುತ್ತೇನೆಂದು ತನ್ನ ಹಲಗೆ ಎತ್ತಿಕೊಂಡ.

ಅವರು ಹೊರಡುವ ಮುಂಚೆಯೇ ನಾನು ನಡೆದು ಹೋಗಿ ತಿರುವಿನ ಕೆಳಗಿನ ಇಳಿಜಾರಿನಲ್ಲಿ ನಿಂತೆ. ಅಲ್ಲಿ ಬಲಗಡೆಯಿಂದ ಕಲ್ಲುಕ್ವಾರಿಯ ದಾರಿ ಬಂದು ರಸ್ತೆಗೆ ಸೇರುತ್ತದೆ. ರಜೆಯ ದಿನ ಕ್ವಾರಿ ನಡೆಯುತ್ತಿರಲಿಲ್ಲ. ಟರ್ನರ್ ಸದ್ದಿಲ್ಲದೆ ನನ್ನ ಮುಂದೆ ಹಾದು ಕೆಳಗೆ ನಿಂತ, ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲಕ್ಕೆ ನಡೆಯತೊಡಗಿದ. ಆಮೇಲೆ ಬೇರಿಂಗಿನ ಸದ್ದು ಶುರುವಾಯಿತು. ಭಾವ ತಿರುವಿನಲ್ಲಿ ಕಾಣಿಸಿಕೊಂಡಾಗ ಪರದೆ ಪೂರ್ತಿ ತೆರೆದಿತ್ತು, ವೇಗ ಹತೋಟಿಯಲ್ಲಿತ್ತು. ಅದೇ ಹೊತ್ತಿಗೆ, ರಜೆಯಾಗಿದ್ದರೂ, ಕ್ವಾರಿ ದಾರಿಯಿಂದ ಒಂದು ಟ್ರ್ಯಾಕ್ಟರ್ ಜಲ್ಲಿ ತುಂಬಿದ ಟ್ರೇಲರ್ ಎಳೆದುಕೊಂಡು ಬಂದು, ಅವರ ಮುಂದೆ ರಸ್ತೆಗೆ ಸೇರಿ, ಕೆಳಮುಖವಾಗಿ ಹೊರಟಿತು.

ಭಾವ ಹೆದರಲಿಲ್ಲ. ಅದನ್ನು ನಾನು ಅವರ ಮುಖದಲ್ಲಿ ನೋಡಿದೆ. ಕೈಗಳನ್ನು ಇನ್ನಷ್ಟು ಅಗಲಿಸಿದರು. ಹಲಗೆ ಟ್ರೇಲರಿನ ಹಿಂದೆ, ಸ್ವಲ್ಪ ಪಕ್ಕಕ್ಕೆ, ಟ್ರ್ಯಾಕ್ಟರಿನಷ್ಟೇ ನಿಧಾನಕ್ಕೆ ಬಂತು. ಪರದೆ ಮಾಡಬೇಕಾದ್ದನ್ನು ಮಾಡಿತ್ತು. ಆಗ ಹೊಲದ ಕಡೆಯಿಂದ ಗಾಳಿ ಹೊಡೆಯಿತು. ಪರದೆ ಬೆನ್ನಿನಿಂದ ಎದ್ದು, ತಲೆಯ ಮೇಲಾಗಿ ಮುಂದಕ್ಕೆ ಮಗುಚಿ, ಟ್ರೇಲರಿನ ಹಿಂಬಾಗಿಲಿನ ಮೇಲೆ ಬಿತ್ತು. ನಡುವಿನ ತೂತು ಬಾಗಿಲಿನ ಕೊಂಡಿಗೆ ಸಿಕ್ಕಿಕೊಂಡಿತು. ಎಡಗೈಯ ಕೋಲು ಮುರಿದು ಗಂಟಿನಿಂದ ಕಳಚಿತು. ಬಲಗೈಯದು ಮುರಿಯಲಿಲ್ಲ.

ಭಾವ ಬಲಗೈ ಬಿಟ್ಟರು. ಬೆರಳುಗಳು ಬಿಚ್ಚಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಕೋಲು ಕೈ ಬಿಡಲಿಲ್ಲ.

ಹಲಗೆ ಅವರ ಕಾಲಿನಿಂದ ಜಾರಿ ತಾನೊಂದೇ ಮುಂದೆ ಹೋಯಿತು. ಅವರು ಸ್ವಲ್ಪ ದೂರ ಟ್ರೇಲರಿನ ಪಕ್ಕದಲ್ಲಿ ಓಡಿದರು, ಎಡಗೈಯಿಂದ ಗಂಟನ್ನು ಕೀಳುತ್ತ. ಇಳಿಜಾರಿಗೆ ಟ್ರ್ಯಾಕ್ಟರ್ ವೇಗ ಹೆಚ್ಚಿಸಿತು. ಅವರು ಬಿದ್ದರು. ಬಿದ್ದ ಮೇಲೆ ಬಲಗೈ ಮೇಲಕ್ಕೆ, ಹಿಂದಕ್ಕೆ ತಿರುಚಿಕೊಂಡು, ಮೈ ರಸ್ತೆಯ ಮೇಲೆ ಎಳೆದುಕೊಂಡು ಹೋಯಿತು. ಭುಜ ಕಳಚಿದ ಸದ್ದು ಇಂಜಿನ್ನಿನ ಸದ್ದಿನಲ್ಲೂ ಕೇಳಿಸಿತು. ಹಸಿ ಕಬ್ಬು ಮುರಿದ ಹಾಗೆ. ಅವರು ಕೂಗಿದರೋ ಇಲ್ಲವೋ ನನಗೆ ತಿಳಿಯದು, ಚಾಲಕನಿಗಂತೂ ತಿಳಿಯಲಿಲ್ಲ.

ನಾನು ಟ್ರ್ಯಾಕ್ಟರಿನ ಮುಂದಕ್ಕೆ ಓಡಿದೆ. ಓಡುತ್ತಲೇ ನೋಡಿದೆ. ಕೆಳಗಿನಿಂದ ಬರುತ್ತಿದ್ದ ಟರ್ನರ್ ತನ್ನ ಹಲಗೆ ಎಸೆದು, ಟ್ರೇಲರಿಗೆ ಎದುರಾಗಿ ಬಂದು, ಅದರ ಅಂಚನ್ನು ಎಡಗೈಯಿಂದ ಹಿಡಿದು ಜೋತುಬಿದ್ದ. ಬಲಗೈಯಲ್ಲಿ ಚಾಕು ಇತ್ತು. ಹ್ಯಾಕ್ಸಾ ಬ್ಲೇಡನ್ನು ಮಸೆದು, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ ಚಾಕು, ಫಿಟ್ಟರುಗಳ ಜೇಬಿನಲ್ಲಿ ಇರುವಂಥದು. ಅವನು ಭಾವನ ಮೇಲೆ ಬಗ್ಗಿ ನವಾರು ಪಟ್ಟಿಯನ್ನು ಕೊಯ್ಯುತ್ತಿದ್ದ.

ಮೇಲಿನಿಂದ ಓಡಿ ಬರುತ್ತಿದ್ದವರಿಗೆ ಕಂಡದ್ದು ಅವನ ಬೆನ್ನು, ಎತ್ತಿ ಇಳಿಸುವ ಚಾಕು, ಕೆಳಗೆ ರಕ್ತದಲ್ಲಿ ಭಾವ. ಮೊದಲ ಕಲ್ಲು ಅವನ ಕಿವಿಯ ಹಿಂದೆ ಬಿತ್ತು. ಅವನು ತಿರುಗಲಿಲ್ಲ, ಕೊಯ್ಯುವುದು ನಿಲ್ಲಿಸಲಿಲ್ಲ. ಮೇಸ್ತ್ರಿ ಎಲ್ಲರಿಗಿಂತ ಮುಂದಿದ್ದರು. ಆ ವಯಸ್ಸಿನಲ್ಲಿ ಅವರು ಹಾಗೆ ಓಡಬಲ್ಲರೆಂದು ನಾನು ಎಣಿಸಿರಲಿಲ್ಲ. ಕೈಯಲ್ಲಿ ಲಾರಿಯ ಹಗ್ಗ ಬಿಗಿಯುವ ಕಬ್ಬಿಣದ ಸಲಾಕಿ ಇತ್ತು. ಟ್ರೇಲರಿನ ಅಂಚನ್ನು ಹಿಡಿದಿದ್ದ ಟರ್ನರನ ಎಡಗೈ ಬೆರಳುಗಳ ಮೇಲೆ ಅವರು ಹೊಡೆದರು. ಅವನು ಬಿಡಲಿಲ್ಲ. ಇನ್ನೊಮ್ಮೆ ಹೊಡೆದರು. ಆಗ ಬಿಟ್ಟ.

ಪಟ್ಟಿ ಅರ್ಧ ಕೊಯ್ದಿತ್ತು. ಉಳಿದ ಅರ್ಧ ಸ್ವಲ್ಪ ಮುಂದೆ ತಾನಾಗಿ ಹರಿಯಿತು. ಭಾವ ಉರುಳಿ ರಸ್ತೆಬದಿಯ ಕಲ್ಲಿಗೆ ತಗುಲಿ ನಿಂತರು. ಟ್ರ್ಯಾಕ್ಟರ್ ನನ್ನೆದುರು ನಿಂತಾಗ ಅದರ ಹಿಂದೆ ಪರದೆ ಮಾತ್ರ ಇತ್ತು.

ನಾನು ಭಾವನ ಹತ್ತಿರ ಹೋಗುವಾಗ ಅತ್ತ ಗುಂಪಿನವರು ಟರ್ನರನನ್ನು ಹೊಡೆಯುತ್ತಿದ್ದರು. ಅವನು ಪಟ್ಟಿ ಕತ್ತರಿಸಲು ಬಂದವನು, ಬಿಡಿ ಎಂದು ಕೂಗಿದೆ. ಕೂಗಿದೆ ಎಂದು ಈಗಲೂ ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಮೇಲೆ ಎರಡು ದಿನ ನನಗೆ ದನಿ ಏಳಲಿಲ್ಲ. ಅವರಿಗೆ ಕೇಳಲಿಲ್ಲ. ಅವನು ಮೈ ಮುದುಡಿ, ಎರಡೂ ಕೈಗಳನ್ನು ಹೊಟ್ಟೆಯ ಕೆಳಗೆ ಅಡಗಿಸಿಕೊಳ್ಳಲು ನೋಡುತ್ತಿದ್ದ. ಅವರು ಕೈಗಳನ್ನು ಹೊರಗೆಳೆದು ಹೊಡೆದರು. ಚಾಕು ಹಿಡಿದ ಕೈ ಎಂದು ಅದನ್ನೇ ಹುಡುಕಿ ತುಳಿದರು. ಅವನ ತಂಡದವರು ಬಂದು ಅವನನ್ನು ಸ್ಕೂಟರಿನ ನಡುವೆ ಕೂರಿಸಿಕೊಂಡು ಹರಿಹರದ ಕಡೆ ಹೋದರು. ನಾವು ಅದೇ ಟ್ರ್ಯಾಕ್ಟರಿನ ಜಲ್ಲಿಯ ಮೇಲೆ ಭಾವನನ್ನು ಮಲಗಿಸಿ ದಾವಣಗೆರೆಗೆ ತಂದೆವು.

ಆಸ್ಪತ್ರೆಯಲ್ಲಿ ಭುಜವನ್ನು ಮತ್ತೆ ಕೂರಿಸಿದರು. ಬೆನ್ನಿನಲ್ಲಿ ಹೂತ ಕಲ್ಲುಚೂರುಗಳನ್ನು ಚಿಮುಟದಿಂದ ತೆಗೆದರು. ಗಾಯಗಳು ಮಾಗಿದವು. ಕೈ ಮಾತ್ರ ಏಳಲಿಲ್ಲ. ಭುಜದಿಂದ ಬೆರಳಿನವರೆಗೆ ಅದಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಅಕ್ಕನಿಗೆ ಬಿಡಿಸಿ ಹೇಳಿದರು. ಕತ್ತಿನಿಂದ ಕೈಗೆ ಬರುವ ನರಗಳು ಜಗ್ಗಿ ಹೋಗಿವೆ, ಬರಿ ಜಗ್ಗಿದ್ದರೆ ಕೆಲವು ತಿಂಗಳಲ್ಲಿ ಬೆರಳಿಗೆ ಸ್ಪರ್ಶ ಬರುತ್ತದೆ, ಆಮೇಲೆ ಬಲ ಬರುತ್ತದೆ, ಕಿತ್ತೇ ಹೋಗಿದ್ದರೆ ಯಾವುದೂ ಬರುವುದಿಲ್ಲ. ಕಾದು ನೋಡಬೇಕು. ಗುಂಪಿನವರು ಸಂಕ್ರಾಂತಿಯವರೆಗೆ ಭಾವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದರು. ಹಾಗಾಗಿ ಎಲ್ಲವೂ ಆ ಬೆರಳುಗಳಿಗೆ ಬಂದು ನಿಂತಿತು.

ಮಣಿಕಟ್ಟಿನಿಂದ ಬಿಚ್ಚಿದ ಪಟ್ಟಿಯ ತುಂಡು ನನ್ನ ಹತ್ತಿರ ಇತ್ತು. ಅದರ ಅರ್ಧ ಅಂಚು ನುಣ್ಣಗೆ ಕೊಯ್ದಿತ್ತು, ಅರ್ಧ ಎಳೆಎಳೆಯಾಗಿತ್ತು. ಒಂದು ದಿನ ಬೆಳಿಗ್ಗೆ, ಗುಂಪೆಲ್ಲ ಕೂತಿದ್ದಾಗ, ಅದನ್ನು ಮೇಸ್ತ್ರಿಯ ಮುಂದಿಟ್ಟು ನಾನು ನೋಡಿದ್ದನ್ನು ಹೇಳಿದೆ. ಟರ್ನರ್ ಭಾವನನ್ನು ಮುಟ್ಟಲಿಲ್ಲ, ಪಟ್ಟಿಯನ್ನು ಕೊಯ್ಯುತ್ತಿದ್ದ, ಅವನು ಅಷ್ಟು ಕೊಯ್ದಿರದಿದ್ದರೆ ಅದು ಹರಿಯುತ್ತಿರಲಿಲ್ಲ ಎಂದೆ. ಭಾವ ಕೈ ಬಿಟ್ಟಿದ್ದನ್ನೂ, ಗಂಟು ಬಿಡದ್ದನ್ನೂ ಹೇಳಿದೆ.  ಮೇಸ್ತ್ರಿ ಎದ್ದು ನನ್ನ ಮುಖಕ್ಕೆ ಹೊಡೆದರು. ನಾನು ತಕ್ಕಡಿಯ ಕಬ್ಬಿಣದ ಮೇಲೆ ಬಿದ್ದೆ. ಏಳುವ ಮುಂಚೆ ಇನ್ನೊಂದು ಬಿತ್ತು.

"ನನ್ನ ಗಂಟು ಯಾರನ್ನೂ ಕೊಂದಿಲ್ಲ," ಎಂದರು. ದನಿ ಏರಿರಲಿಲ್ಲ. "ಬದುಕ್ಸೈತೆ. ಇಲ್ಲಿ ಕುಂತೋರ್ನೆಲ್ಲ ಕೇಳು."

ಕೂತವರು ನೆಲ ನೋಡುತ್ತಿದ್ದರು. ಮೇಸ್ತ್ರಿ ಮೂರನೆಯ ಸಲ ಕೈ ಎತ್ತಿದಾಗ ಇಬ್ಬರು ಹಿಡಿದುಕೊಂಡರು.  ಮರುದಿನದಿಂದ ಅವರು ಯಾರ ಕೊಕ್ಕೆಯನ್ನೂ ಕಟ್ಟಲಿಲ್ಲ. ಅವರವರೇ ಕಟ್ಟಿಕೊಂಡರು. ಕೆಲವರು ಕಟ್ಟಿಕೊಳ್ಳಲಿಲ್ಲ, ಆದರೂ ಮೇಸ್ತ್ರಿ ಯಾರನ್ನೂ ಕೆಳಗಿಳಿಸಿ ಹೊಡೆಯಲಿಲ್ಲ.

ನಾನು ಹೇಳಿದ್ದನ್ನು ಭಾವ ಮನೆಯಲ್ಲಿ ಕೇಳಿಸಿಕೊಂಡರು. ಅವರಿಗೆ ಟ್ರೇಲರಿನ ಹಿಂದೆ ಓಡಿದ್ದರ ನಂತರ ಏನೂ ನೆನಪಿರಲಿಲ್ಲ. ಟರ್ನರ್ ಹೇಗಿದ್ದಾನೆ ಎಂದು ವಿಚಾರಿಸಲು ಹೇಳಿದರು. ವಿಚಾರಿಸಿದೆ. ಅವನ ಎಡಗೈಯ ಮೂರು ಬೆರಳು ಮಡಚುವುದಿಲ್ಲ, ಬಲಗೈ ಹೆಬ್ಬೆರಳಿನ ಮೂಳೆ ಸರಿಯಾಗಿ ಕೂಡಿಕೊಂಡಿಲ್ಲ, ವರ್ಕ್‌ಶಾಪಿನವರು ಬೇರೆಯವನನ್ನು ಲೇತಿಗೆ ಹಾಕಿಕೊಂಡಿದ್ದಾರೆ ಎಂದು ತಿಳಿಯಿತು. ಭಾವ ಗೋಡೆಯ ಕಡೆ ತಿರುಗಿ ಮಲಗಿದರು.

ಅಕ್ಕ ದಿನಾ ಬೆಳಿಗ್ಗೆ ಅವರ ಬೆರಳುಗಳನ್ನು ಪರೀಕ್ಷಿಸುತ್ತಿದ್ದಳು. ಅವರ ಮುಖ ಆ ಕಡೆ ತಿರುಗಿಸಿ, ಒಂದೊಂದೇ ಬೆರಳಿಗೆ ಸೂಜಿ ಚುಚ್ಚುತ್ತಿದ್ದಳು. ಮೊದಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಸೂಜಿಯ ತುದಿಗೆ ರಕ್ತದ ಹನಿ ಬರುವವರೆಗೆ ಚುಚ್ಚುವುದನ್ನು ನೋಡಿ ನಾನು ಹೊರಗೆ ಹೋಗುತ್ತಿದ್ದೆ. ಗೊತ್ತಾಯ್ತಾ ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದರು. ದೀಪಾವಳಿ ಕಳೆದ ಮೇಲೆ ಒಂದು ದಿನ, ಕಿರುಬೆರಳಿನಲ್ಲಿ ಇರುವೆ ಹರಿದ ಹಾಗಾಯಿತು ಎಂದರು. ಅಕ್ಕ ಅಳುತ್ತ ನಮ್ಮ ಮನೆಗೆ ಓಡಿ ಬಂದಳು. ಅವತ್ತಿನಿಂದ ಹೆಚ್ಚುಕಡಿಮೆ ದಿನಾ ಗೊತ್ತಾಗುತ್ತಿದೆ ಎನ್ನುತ್ತಿದ್ದರು. ಯಾವ ಬೆರಳು ಎಂದು ಕೇಳಿದರೆ ಕೆಲವು ಸಲ ಸರಿಯಾಗಿ ಹೇಳುತ್ತಿದ್ದರು, ಕೆಲವು ಸಲ ತಪ್ಪಾಗಿ. ತಪ್ಪಾದಾಗ ಅಕ್ಕ, ನರ ಈಗಿನ್ನೂ ಚಿಗುರ್ತಾ ಐತೆ, ಗೊಂದಲ ಇರ್ತೈತೆ ಎನ್ನುತ್ತಿದ್ದಳು. ಸೂಜಿ ಚುಚ್ಚುವುದನ್ನು ನಿಲ್ಲಿಸಿ, ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕತೊಡಗಿದಳು.

ಸಂಕ್ರಾಂತಿ ಹತ್ತಿರ ಬಂದಾಗ ಭಾವ ಹರಿಹರಕ್ಕೆ ಹೋಗಬೇಕೆಂದರು. ಕೈ ಸರಿಯಾಗುವ ಹೊತ್ತಿಗೆ ಆ ಹುಡುಗನ ಮುಖ ನೋಡಿ ತಪ್ಪಾಯಿತು ಎನ್ನದಿದ್ದರೆ ಒಳ್ಳೆಯದಲ್ಲ ಎಂದು ಅಕ್ಕನೂ ಹೇಳಿದಳು. ಕೈ ಸರಿಯಾಗುತ್ತದೆ ಎಂಬುದರಲ್ಲಿ ಅವಳಿಗೆ ಆಗ ಅನುಮಾನವೇ ಇರಲಿಲ್ಲ. ಮೂವರೂ ಬಸ್ಸಿನಲ್ಲಿ ಹೋದೆವು. ಗುಡ್ಡ ಕಿಟಕಿಯಲ್ಲಿ ಬಂದಾಗ ಯಾರೂ ಆ ಕಡೆ ನೋಡಲಿಲ್ಲ. ಟರ್ನರನ ಮನೆ ಹೊಳೆಯ ಕಡೆ ಇಳಿಯುವ ಒಂದು ಓಣಿಯಲ್ಲಿತ್ತು. ಹಳೆಯ ಮನೆ, ದಪ್ಪ ಮರದ ಬಾಗಿಲು.

ಬಾಗಿಲು ತೆರೆದದ್ದು ಅವನ ತಾಯಿ. ನಾವು ಯಾರೆಂದು ಹೇಳಬೇಕಾಗಲಿಲ್ಲ. ಜೋತುಬಿದ್ದ ಕೈಯನ್ನು ನೋಡಿಯೇ ತಿಳಿದುಕೊಂಡರು. ಭಾವ ಎಡಗೈಯಿಂದ ಬಲಗೈಯನ್ನು ಎತ್ತಿ, ತೂಗಾಡದಿರಲೆಂದು ಚೌಕಟ್ಟಿಗೆ ಆನಿಸಿದರು. ಅದು ಅವರಿಗೆ ಅಭ್ಯಾಸವಾಗಿತ್ತು, ಎಲ್ಲಿ ನಿಂತರೂ ಆ ಕೈಯನ್ನು ಯಾವುದಕ್ಕಾದರೂ ಒರಗಿಸುತ್ತಿದ್ದರು. ಎಡಗೈಯೊಂದನ್ನೇ ಎದೆಗೆ ತಂದು ನಮಸ್ಕಾರ ಮಾಡಿದರು.

"ಅಮ್ಮಾ, ನಿಮ್ಮ ಮಗ ನನ್ನ ಜೀವ ಉಳಿಸಿದ," ಎಂದರು.

ತಾಯಿ ಒಂದು ಮಾತೂ ಬೈಯಲಿಲ್ಲ. "ನಿನ್ ಜೀವ ನೀ ತಗೊಂಡು ಹೋಗು," ಎಂದು, ಮೈಭಾರವನ್ನೆಲ್ಲ ಹಾಕಿ ಬಾಗಿಲು ದೂಡಿದರು.

ಬಾಗಿಲು ಪೂರ್ತಿ ಕೂಡಲಿಲ್ಲ. ಏನೋ ಅಡ್ಡವಿತ್ತು. ಒಳಗಿನಿಂದ ಆಕೆ ಇನ್ನೊಮ್ಮೆ ದೂಡಿದರು, ಮತ್ತೊಮ್ಮೆ ದೂಡಿ ಒರಗಿ ನಿಂತರು. ಭಾವ ಆ ಸಂದಿಗೆ ಮುಖ ಹತ್ತಿರ ತಂದು ಮಾತಾಡುತ್ತಲೇ ಇದ್ದರು. ನಮ್ಮೋರಿಗೆ ಕಂಡಿದ್ದು ಬೇರೆ, ಆಗಿದ್ದು ಬೇರೆ, ನಾನು ಎಚ್ಚರದಾಗೆ ಇದ್ದಿದ್ರೆ ಅವನ ಮೈಮೇಲೆ ಬಿದ್ದು ಹೊಡ್ತ ತಗೊಂತಿದ್ದೆ, ಅಂತ. ದನಿ ಸಮವಾಗಿತ್ತು. ಮುಖದಲ್ಲಿ ಏನೂ ಇರಲಿಲ್ಲ. ಚೌಕಟ್ಟಿನ ಕೆಳಗೆ, ಹೊಸ್ತಿಲಿನ ಅರಿಶಿನದ ಮೇಲೆ, ರಕ್ತ ಹನಿಯುತ್ತಿತ್ತು.

ಅಕ್ಕ ಮೊದಲು ಹೊಸ್ತಿಲು ನೋಡಿದಳು, ಆಮೇಲೆ ಬಾಗಿಲಿನ ಸಂದಿ. ನಾಲ್ಕು ಬೆರಳುಗಳು ಒಳಗಿದ್ದವು.  ಗಂಡನ ಮುಖ ನೋಡಿದಳು. ಅವರು ಇನ್ನೂ ಮಾತಾಡುತ್ತಿದ್ದರು.

ನಾನು ಬಾಗಿಲು ಬಡಿದೆ. ಒಳಗೆ ಟರ್ನರನ ದನಿ ಕೇಳಿತು, ತಾಯಿಯನ್ನು ಸರಿಸಿದ್ದೂ ಕೇಳಿತು. ಅವನು ಮೊಣಕೈಯಿಂದ ಬಾಗಿಲು ಎಳೆದು ತೆರೆದ. ಚೌಕಟ್ಟಿನಲ್ಲಿ ಚಪ್ಪಟೆಯಾಗಿದ್ದ ಬೆರಳುಗಳನ್ನು ನೋಡಿದ. ನೋಡುತ್ತ ತನ್ನ ಮಡಚದ ಬೆರಳುಗಳ ಎಡಗೈಯನ್ನು ಅವುಗಳ ಕೆಳಗೆ ಹಿಡಿದ, ಬೀಳುವ ವಸ್ತುವನ್ನು ಹಿಡಿಯುವ ಹಾಗೆ.

"ಅಣ್ಣಾ," ಎಂದ, "ನಿಮಗೆ ಗೊತ್ತಾಗ್ಲಿಲ್ವಾ?"

ಭಾವ ಆಗ ಕೆಳಗೆ ನೋಡಿದರು.  ಆಮೇಲೆ ಟರ್ನರನಿಗಲ್ಲ, ಅಕ್ಕನಿಗೆ ಹೇಳಿದರು, "ಇಲ್ಲ. ಯಾವತ್ತೂ ಗೊತ್ತಾಗಿಲ್ಲ."

ತಾಯಿ ಒಳಗಿನಿಂದ ಒಂದು ಚೊಂಬು ನೀರು ತಂದರು. ಅಕ್ಕ ಹೊಸ್ತಿಲ ಹೊರಗೆ ಕೂತು, ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ತೊಳೆದಳು. ಒಂದು ಉಗುರು ಕಿತ್ತು ಬಂತು. ನೋಯುತ್ತದೆಂದು ಮೆಲ್ಲಗೆ ಮುಟ್ಟುತ್ತಿದ್ದವಳು, ಆಮೇಲೆ ಹಾಗೆ ಮುಟ್ಟುವುದನ್ನು ಬಿಟ್ಟಳು.